ಕಮಾಂಡ್ ಆಸ್ಪತ್ರೆ (ವಾಯುಪಡೆ), ಬೆಂಗಳೂರು

ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ದೊಮ್ಮಲೂರಿಗೆ ಅನತಿದೂರದಲ್ಲಿರುವ ಬೃಹತ್ ಸೇನಾ ಚಿಕಿತ್ಸಾಲಯ. ವಾಯುಪಡೆಯ ತರಬೇತಿ ಕಮಾಂಡಿಗೆ ಅಧೀನವಾಗಿದ್ದರೂ ಭೂಸೇನೆ, ನೌಕಾಪಡೆಗಳ ಯೋಧರಿಗೂ ಅವರ ಆಶ್ರಿತರಿಗೂ ಇಲ್ಲಿ ಶುಶ್ರೂಷೆಯುಂಟು. ರೋಗ ವಾಸಿಯಾಯಿತೇ ಎಂದು ವಿಚಾರಿಸಿದರೆ ಇತರ ಆಸ್ಪತ್ರೆಗಳಿಗೆ ಸಾಕು; ಸೇನಾ ಆಸ್ಪತ್ರೆಯಾದರೋ, ವಾಸಿಯಾದವನು ಮರಳಿ ಕರ್ತವ್ಯಕ್ಕೆ ಯೋಗ್ಯನೇ ಎಂಬುದನ್ನೂ ನಿರ್ಣಯಿಸಬೇಕು.

ಬೆಂಗಳೂರಿನ ಸೇನಾವೈದ್ಯದ ಚರಿತ್ರೆ ಈ ಸಂಸ್ಥೆಗಿಂತ ಬಹಳ ಹಿಂದಿನದು. ಶ್ರೀರಂಗಪಟ್ಟಣದ ಚಳಿಜ್ವರದಿಂದ ಬಸವಳಿದ ಬ್ರಿಟಿಷ್ ಸೈನ್ಯ 1809ರಲ್ಲಿ ಇಲ್ಲಿಗೆ ಬಂದು ಬೀಡುಬಿಟ್ಟಿತು; ದಂಡುಪ್ರದೇಶದ ಹುಟ್ಟಿಗೆ ಜ್ವರವೂ ಒಂದು ಕಾರಣವೆನ್ನಬೇಕು. ಆ ಜ್ವರವನ್ನು ಹರಡುವ ಸೊಳ್ಳೆ ಇಲ್ಲಿಯೂ ಇತ್ತು. 1883ರಲ್ಲಿ ದಂಡಿನ ಹಂಗಾಮಿ ವೈದ್ಯನಾಗಿ ಬಂದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಅತಿಶಯವಾಗಿರಲು, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯೊಳಗೆ ಇಣುಕಿ, ಅಲ್ಲಿ ಹೊರಳಾಡುತ್ತಿದ್ದ ಹುಳುಗಳೇ ಸೊಳ್ಳೆಯ ಮರಿಗಳೆಂದು ಕಂಡುಕೊಂಡು, ಪೀಪಾಯಿಯನ್ನು ಬೋರಲು ಹಾಕಿದನು; ಕಾಟ ಇಳಿಯಿತು. ಅಧಿಕಾರಿಗಳ ಮೆಸ್ಸಿನಲ್ಲಿಯೂ ಹೀಗೆ ಮಾಡೋಣವೆಂದಾಗ ಅಡ್ಜುಟೆಂಟನು, ಸೃಷ್ಟಿನಿಯಮವನ್ನು ಕೆಡಿಸಬಾರದೆಂದು ಒಪ್ಪಲಿಲ್ಲವೆಂದು ರಾಸನೇ ಸ್ಮರಿಸಿಕೊಂಡಿದ್ದಾನೆ. 1895ರ ಕಾಲರಾ ಸಮಯದಲ್ಲಿ ಅವನನ್ನು ಪುನಃ ಬೆಂಗಳೂರಿಗೆ ಕಳುಹಿಸಿದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಿಯನ್ನು ಗುರುತಿಸಿ, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಕಮಾಂಡ್ ಆಸ್ಪತ್ರೆಗೂ ಈ ಪ್ರಸಂಗಕ್ಕೂ ನೇರ ಸಂಬಂಧ ಹೇಳಲಾಗದು. ಆದರೆ ಮದ್ದಿಗಿಂತ ನಿವಾರಣೆಗೆ ಪ್ರಾಶಸ್ತ್ಯವೀಯುವ ಸೇನಾವೈದ್ಯಕ್ಕೆ ಇಷ್ಟು ಸ್ಫುಟವಾದ ಸ್ಥಳೀಯ ನಿದರ್ಶನ ವಿರಳ.

ಇಂದು ಈ ಆಸ್ಪತ್ರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸ್ನಾತಕೋತ್ತರ ಬೋಧನಾಕೇಂದ್ರವೂ ಹೌದು. ಸೇನಾ ದಾದಿಯರಿಗೆ ಪದವಿ ಶಿಕ್ಷಣವೀಯುವ ಕಾಲೇಜೊಂದು ಇಲ್ಲಿಯೇ ಇದೆ. ದೀರ್ಘರೋಗದಿಂದ ಚೇತರಿಸಿಕೊಂಡವನ ವೈದ್ಯಕೀಯ ದರ್ಜೆಯನ್ನು ಮೆಡಿಕಲ್ ಬೋರ್ಡು ನಿಶ್ಚಯಿಸುವುದು. ಸಿಪಾಯಿಗಳ ಮಾತಿನಲ್ಲಿ ‘ಕ್ಯಾಟಗರಿ’ ಎನಿಸಿಕೊಳ್ಳುವ ಇದು ಇಳಿದರೆ ನಿಯೋಜನೆಗೂ ಬಡ್ತಿಗೂ ತೊಡಕು. ವಿಮಾನಚಾಲಕರ ದೇಹಕ್ಷಮತೆಯ ಪರೀಕ್ಷೆ ನಡೆಸುವ, 1957ರಲ್ಲಿ ಸ್ಥಾಪಿತವಾದ ವೈಮಾಂತರಿಕ್ಷ ವೈದ್ಯಸಂಸ್ಥೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿಯೇ ಇದೆ. ಮಾನವಸಹಿತ ಅಂತರಿಕ್ಷಯಾನದ ಯೋಜನೆಯಾದ ಗಗನಯಾನಕ್ಕೆ ಚಾಲಕರನ್ನು ಆರಿಸುವಾಗಲೂ ಪರೀಕ್ಷೆಗಳು ಅಲ್ಲಿಯೇ ನಡೆದುವು.

ನಿವೃತ್ತರ ದಾರಿ ಬೇರೆ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಂತಹ ಕಡೆ ನೆಲೆಸಿದ ಮಾಜಿ ಸೈನಿಕನು, 2003ರಲ್ಲಿ ಆರಂಭವಾದ ವಂತಿಗೆ ಆರೋಗ್ಯ ಯೋಜನೆಯ ಪ್ರಕಾರ, ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್ಕಿಗೆ ಹೋಗಿ, ಅಲ್ಲಿಯ ರೆಫರಲ್ ಚೀಟಿ ಹಿಡಿದು ಸೇನಾ ಆಸ್ಪತ್ರೆಗೋ ಒಪ್ಪಂದದ ಖಾಸಗಿ ಆಸ್ಪತ್ರೆಗೋ ತೆರಳಬೇಕು. ಪ್ರಾಣಾಪಾಯದ ತುರ್ತಿನಲ್ಲಿ ಚೀಟಿಯ ಕಟ್ಟಳೆಯಿಲ್ಲ.