ಬೆನ್ನುನೋವಿಗೆ ಬಯೋಫೀಡ್‌ಬ್ಯಾಕ್: ಸ್ನಾಯು ಸಡಿಲಿಸುವ ಕಲಿಕೆ

ಹನ್ನೆರಡು ವಾರಗಳಿಗಿಂತ ಹೆಚ್ಚು ಕಾಲ ಕಾಡುವ ಬೆನ್ನುನೋವನ್ನು ವೈದ್ಯರು ದೀರ್ಘಕಾಲಿಕ ಎಂದು ಪರಿಗಣಿಸುತ್ತಾರೆ. ನೋವಿಗೆ ಹೆದರಿ ರೋಗಿಯು ಅರಿವಿಲ್ಲದೆಯೇ ಸ್ನಾಯುಗಳನ್ನು ಬಿಗಿಹಿಡಿಯುವುದುಂಟು. ಆ ಬಿಗಿತದಿಂದ ನೋವು ಇನ್ನಷ್ಟು ಹೆಚ್ಚಬಹುದು. ಈ ಸರಪಳಿಯನ್ನು ತುಂಡರಿಸುವುದೇ ಬಯೋಫೀಡ್‌ಬ್ಯಾಕ್‌ನ ಉದ್ದೇಶ.

ಬೆನ್ನಿನ ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಗ್ರಹಿಸುತ್ತವೆ. ಯಂತ್ರವು ಅದನ್ನು ಪರದೆಯ ಮೇಲಿನ ಗೆರೆಯಾಗಿ ಅಥವಾ ಶಬ್ದವಾಗಿ ತಿಳಿಸುತ್ತದೆ. ಅದನ್ನು ಗಮನಿಸುತ್ತಾ ಸ್ನಾಯು ಸಡಿಲಿಸಲು ಕಲಿಯುವ ರೋಗಿಯು ಕ್ರಮೇಣ ಯಂತ್ರದ ನೆರವಿಲ್ಲದೆ ಹಾಗೆ ಮಾಡಬೇಕೆಂಬುದು ಗುರಿ.

ಯಂತ್ರದ ಅಗತ್ಯವೇ ಇಲ್ಲದ ಇನ್ನೊಂದು ವಿಧಾನವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಒಂದೊಂದೇ ಸ್ನಾಯು ಗುಂಪನ್ನು ಕೆಲವು ಕ್ಷಣ ಬಿಗಿಗೊಳಿಸಿ, ಬಳಿಕ ನಿಧಾನವಾಗಿ ಸಡಿಲ ಬಿಡುವುದು ಇದರ ಕ್ರಮ.

ದೀರ್ಘಕಾಲಿಕ ಕೆಳಬೆನ್ನಿನ ನೋವಿಗೆ ಔಷಧಕ್ಕೂ ಮೊದಲು ಪ್ರಯತ್ನಿಸಬಹುದಾದ ವಿಧಾನಗಳ ಪಟ್ಟಿಯಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2017ರಲ್ಲಿ ವ್ಯಾಯಾಮ, ಯೋಗಗಳ ಜೊತೆಗೆ ಇವೆರಡನ್ನೂ ಸೇರಿಸಿತು. ಆದರೆ ಇವುಗಳ ಪರವಾದ ಪುರಾವೆ ಅಷ್ಟೇನೂ ಬಲವಾದುದಲ್ಲ ಎಂದೂ ಹೇಳಿತು.

ಕಾಲಿನ ಬಲ ಕುಂದುವುದು, ಮಲಮೂತ್ರ ನಿಯಂತ್ರಣ ತಪ್ಪುವುದು, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಬೆನ್ನುನೋವಿನೊಂದಿಗೆ ಕಂಡುಬಂದರೆ ಇಂತಹ ಅಭ್ಯಾಸಗಳನ್ನು ನೆಚ್ಚಿ ಕೂರದೆ ತಕ್ಷಣ ವೈದ್ಯರನ್ನು ಕಾಣಬೇಕು.