ಗೊರಾನ್ ಇವಾನಿಸೆವಿಚ್: ಮೂರು ಫೈನಲ್ ಸೋತರೂ ಜನ ಕೈಬಿಡದ ಆಟಗಾರ

ವೈಲ್ಡ್ ಕಾರ್ಡ್ ಪಡೆದು ಬಂದು ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದವರು ಈವರೆಗೆ ಒಬ್ಬರೇ, ಕ್ರೊಯೇಷಿಯಾದ ಗೊರಾನ್ ಇವಾನಿಸೆವಿಚ್. 2001ರ ಆ ಟೂರ್ನಿಗೆ ಬಂದಾಗ ಅವರ ವಿಶ್ವ ರ‍್ಯಾಂಕಿಂಗ್ 125. ನೇರ ಪ್ರವೇಶಕ್ಕೆ ಅದು ಸಾಲದು. ಹಳೆಯ ಸಾಧನೆ ನೋಡಿ ಆಯೋಜಕರು ಅವಕಾಶ ಕೊಟ್ಟಿದ್ದರು.

ಹೊಸ ದೇಶದ ಬಾವುಟ

ಗೊರಾನ್ ಹುಟ್ಟಿದ್ದು 1971ರ ಸೆಪ್ಟೆಂಬರ್ 13ರಂದು, ಕಡಲ ತೀರದ ಸ್ಪ್ಲಿಟ್ ನಗರದಲ್ಲಿ. ಆಗ ಅದು ಯುಗೊಸ್ಲಾವಿಯಾ. 1988ರಲ್ಲಿ ಅವರು ವೃತ್ತಿಪರ ಆಟಗಾರರಾದರು. 1991ರ ಜೂನ್‌ನಲ್ಲಿ ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿತು, ಯುದ್ಧ 1995ರವರೆಗೂ ಎಳೆಯಿತು. ಈ ನಡುವೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಕ್ರೊಯೇಷಿಯಾ ಬೇಸಿಗೆ ಕ್ರೀಡಾಕೂಟಕ್ಕೆ ಮೊದಲ ಸಲ ಹೆಜ್ಜೆ ಹಾಕಿದಾಗ ಬಾವುಟ ಹಿಡಿದಿದ್ದು 20 ವರ್ಷದ ಗೊರಾನ್. ಸಿಂಗಲ್ಸ್, ಡಬಲ್ಸ್ ಎರಡರಲ್ಲೂ ಅವರಿಗೆ ಕಂಚು ಸಿಕ್ಕಿತು.

ಸರ್ವ್ ಮತ್ತು ಸಿಟ್ಟು

ಎಡಗೈ ಸರ್ವ್ ಅವರ ಅಸ್ತ್ರ. 1996ರ ಒಂದೇ ಸೀಸನ್‌ನಲ್ಲಿ 1,477 ಏಸ್ ಹೊಡೆದರು. 1994ರಲ್ಲಿ ವಿಶ್ವದ 2ನೇ ಸ್ಥಾನಕ್ಕೇರಿದರು, ಒಟ್ಟು 22 ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಆದರೆ ವಿಂಬಲ್ಡನ್ ಮಾತ್ರ ಕೈಗೆ ಸಿಗಲಿಲ್ಲ. 1992ರ ಫೈನಲ್‌ನಲ್ಲಿ ಆಂಡ್ರೆ ಅಗಾಸಿ, 1994 ಮತ್ತು 1998ರಲ್ಲಿ ಪೀಟ್ ಸಾಂಪ್ರಾಸ್ ಅಡ್ಡ ಬಂದರು.

ಸಿಟ್ಟೂ ಅಷ್ಟೇ ಜೋರು. 2000ದಲ್ಲಿ ಬ್ರೈಟನ್‌ನಲ್ಲಿ ಇದ್ದ ರ‍್ಯಾಕೆಟ್‌ಗಳನ್ನೆಲ್ಲ ಮುರಿದು, ಆಡಲು ಇನ್ನೊಂದಿಲ್ಲದೆ ಪಂದ್ಯ ಬಿಟ್ಟುಕೊಟ್ಟರು! ತಮ್ಮೊಳಗೆ ಒಳ್ಳೆಯ ಗೊರಾನ್, ಕೆಟ್ಟ ಗೊರಾನ್, ಜೊತೆಗೆ ತುರ್ತಿಗೆ ಬರುವ ಮೂರನೆಯವನೂ ಇದ್ದಾನೆ ಅಂತ ಅವರೇ ನಗಾಡುತ್ತಿದ್ದರು. ಸೋಲು, ಹತಾಶೆ ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಜನಕ್ಕೆ ಹತ್ತಿರವಾಗಿದ್ದು ಅದಕ್ಕೇ.

ಆ ಸೋಮವಾರ

2001ರ ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ಟಿಮ್ ಹೆನ್ಮನ್ ಎದುರಾಳಿ. ಮಳೆಯಿಂದಾಗಿ ಪಂದ್ಯ ಮೂರು ದಿನ ನಡೆಯಿತು, ಫೈನಲ್ ಜುಲೈ 9ರ ಸೋಮವಾರಕ್ಕೆ ಹೋಯಿತು. ಸಾಲಲ್ಲಿ ನಿಂತು ಟಿಕೆಟ್ ಕೊಂಡವರಿಂದ ಸೆಂಟರ್ ಕೋರ್ಟ್ ತುಂಬಿತ್ತು. ಆಸ್ಟ್ರೇಲಿಯಾದ ಪ್ಯಾಟ್ ರಾಫ್ಟರ್ ವಿರುದ್ಧ 6-3, 3-6, 6-3, 2-6, 9-7. ಕೈ ನಡುಗಿ ಡಬಲ್ ಫಾಲ್ಟ್ ಮಾಡಿದರೂ ನಾಲ್ಕನೇ ಮ್ಯಾಚ್ ಪಾಯಿಂಟ್‌ನಲ್ಲಿ ಗೆದ್ದರು. ಸ್ಪ್ಲಿಟ್ ಬಂದರಿನಲ್ಲಿ ಜನಸಾಗರವೇ ಸೇರಿತು. 1993ರಲ್ಲಿ ಅಪಘಾತದಲ್ಲಿ ತೀರಿಹೋದ ಗೆಳೆಯ, ಬಾಸ್ಕೆಟ್‌ಬಾಲ್ ತಾರೆ ದ್ರಾಜೆನ್ ಪೆತ್ರೊವಿಚ್ ಅವರ ಜೆರ್ಸಿ ತೊಟ್ಟು ಗೊರಾನ್ ಅಲ್ಲಿ ನಿಂತರು.

ಗಡಿಯಾಚೆ

2004ರ ವಿಂಬಲ್ಡನ್ ನಂತರ ನಿವೃತ್ತಿ. ಕೋಚ್ ಆಗಿ ತಮ್ಮದೇ ದೇಶದ ಮರಿನ್ ಚಿಲಿಚ್‌ಗೆ 2014ರ ಯುಎಸ್ ಓಪನ್ ಗೆಲ್ಲಿಸಿದರು. 2019ರಿಂದ 2024ರವರೆಗೆ ಸರ್ಬಿಯಾದ ನೊವಾಕ್ ಜೊಕೊವಿಚ್ ಜೊತೆಗಿದ್ದರು.

ಇಲ್ಲೊಂದು ರಾಜಕೀಯವೂ ಇದೆ. ಸರ್ಬರು, ಕ್ರೊಯೇಟರು ಬಂದೂಕು ಹಿಡಿದು ಎದುರಾಗಿದ್ದ ಕಾಲದಲ್ಲಿ ಕ್ರೊಯೇಷಿಯಾದ ಬಾವುಟ ಹೊತ್ತವರು ಇವರೇ. ಅದೇ ಮನುಷ್ಯ ಮುಂದೆ ಸರ್ಬಿಯಾದ ಅತಿ ದೊಡ್ಡ ತಾರೆಯ ಬೆನ್ನಿಗೆ ನಿಂತರು. ಆಟಗಾರನನ್ನು ದೇಶದ ಗುರುತಾಗಿಸೋದು ಸುಲಭ. ಆ ಗುರುತು ಪಕ್ಕದ ದೇಶದ ಮೇಲಿನ ದ್ವೇಷವಾಗಬೇಕಿಲ್ಲ ಅನ್ನೋದನ್ನು ಗೊರಾನ್ ಭಾಷಣ ಮಾಡದೆ, ಕೆಲಸದಲ್ಲೇ ತೋರಿಸಿದರು.