ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆ

ಸುದ್ದಿ, ಚಿತ್ರ, ಜಾಹೀರಾತು, ಅಂಕಿಅಂಶಗಳನ್ನು ಹುಡುಕುವ, ಒರೆಗೆ ಹಚ್ಚುವ, ಹೊಣೆಯರಿತು ಹಂಚುವ ಸಾಮರ್ಥ್ಯ. ಮಾಧ್ಯಮ ಶಿಕ್ಷಣಕ್ಕೆ ಒತ್ತುಕೊಟ್ಟ ಗ್ರೂನ್‌ವಾಲ್ಡ್ ಘೋಷಣೆ ಹೊರಬಂದದ್ದು 1982ರಲ್ಲಿ. ಯುನೆಸ್ಕೊ 2011ರಲ್ಲಿ ಶಿಕ್ಷಕರಿಗಾಗಿ ಪಠ್ಯಕ್ರಮವನ್ನೇ ಪ್ರಕಟಿಸಿತು.

ಇದರ ತಳಹದಿ ಸಂವಹನ ಶಾಸ್ತ್ರ. ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ 1948ರಲ್ಲಿ ಸಂವಹನವನ್ನು ಐದು ಪ್ರಶ್ನೆಗಳಾಗಿ ಬಿಡಿಸಿದರು: ಹೇಳಿದವರು ಯಾರು, ಹೇಳಿದ್ದೇನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಪರಿಣಾಮವೇನು? ಇವುಗಳಲ್ಲಿ ಮೊದಲನೆಯದೇ ಇಂದು ಅತ್ಯಂತ ಮುಖ್ಯ. ಮೊಬೈಲಿನಿಂದ ಮೊಬೈಲಿಗೆ ದಾಟುವ ಸಂದೇಶದಲ್ಲಿ ಮೂಲ ಹೇಳಿಕೆದಾರ ಕಣ್ಮರೆಯಾಗುತ್ತಾನೆ. ಕಳುಹಿಸಿದ ನೆಂಟರ ಮೇಲಿನ ನಂಬಿಕೆ ಸಂದೇಶಕ್ಕೂ ಅಂಟಿಕೊಳ್ಳುತ್ತದೆ.

2018ರ ಮಕ್ಕಳ ಕಳ್ಳರ ವದಂತಿ ಇದಕ್ಕೆ ನೋವಿನ ಉದಾಹರಣೆ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಭಾರತದಾದ್ಯಂತ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಮಗುವನ್ನು ಮರಳಿ ತಂದುಬಿಟ್ಟು ಸಂದೇಶದ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಸುಳ್ಳು ಹುಟ್ಟಲು ಹೊಸದೇನನ್ನೂ ಸೇರಿಸಬೇಕಿಲ್ಲ, ಸಂದರ್ಭವನ್ನು ತೆಗೆದರೆ ಸಾಕು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಇಂಥದೇ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಪ್ರಯಾಣಿಕರ ಮೇಲೆರಗಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಆ ತಿಂಗಳೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಮಿತಿ ವೇಗವನ್ನು ತಗ್ಗಿಸೀತು. ಮೂಲವನ್ನು ವಿಚಾರಿಸುವ ಕೆಲಸ ಓದುಗರದೇ.